ಹಳದಿ ಬಾವುಟ, ಒಂದು ಚಿಟಿಕೆ ನಶ್ಯ

ನಾನು ಹುಟ್ಟಿದಾಗಿನಿಂದ ನಶ್ಯ ಮುಟ್ಟಿದವನಲ್ಲ. ಮಾಲ್ಟಾದ ಬಂದರು ಕೋರ್ಟಿನಲ್ಲಿ ಹತ್ತೊಂಬತ್ತು ವರ್ಷ ಅಮೀನನಾಗಿ ದುಡಿದೂ ಮೂಗನ್ನು ದೇವರು ಕೊಟ್ಟ ಹಾಗೆಯೇ ಉಳಿಸಿಕೊಂಡವನು ನಾನೊಬ್ಬನೇ ಎಂಬ ಜಂಬ ನನಗಿತ್ತು, ಈಗ ಮುಚ್ಚಿಟ್ಟು ಏನು ಪ್ರಯೋಜನ. ನಮ್ಮ ಕಟ್ಟೆಯ ಮೇಲೆ ಅದು ಸಣ್ಣ ಸಾಹಸವಲ್ಲ. ಅಲ್ಲಿ ನಶ್ಯದ ಡಬ್ಬಿ ತೆರೆದವನು ಮೊದಲು ತಾನು ಏರಿಸುವಂತಿಲ್ಲ, ಹತ್ತಿರ ಯಾರಿದ್ದರೂ ಅವರ ಮುಂದೆ ಹಿಡಿಯಬೇಕು. ಹಿಡಿದ ಡಬ್ಬಿಯನ್ನು ಬೇಡವೆಂದರೆ ಹಿಡಿದವನ ಸತ್ತ ಅಪ್ಪನನ್ನು ಬೈದ ಹಾಗೆ. ಇದೊಂದು ಕಾರಣಕ್ಕೆ ಒಡಹುಟ್ಟಿದವರು ಹನ್ನೆರಡು ವರ್ಷ ಮಾತು ಬಿಟ್ಟದ್ದನ್ನು ಕಂಡಿದ್ದೇನೆ. ಆಮೇಲೆ ಸೀನು ಬರುತ್ತದೆ, ಸೀನಿದವನಿಗೆ ಸುತ್ತಲಿದ್ದವರೆಲ್ಲ "ಎವ್ವಿವಾ" ಎನ್ನುತ್ತಾರೆ, ನೂರು ವರ್ಷ ಬಾಳು ಎಂದು ಹರಸಿದ ಹಾಗೆ. ನನಗೆ ಮಾತ್ರ ಇದೆಲ್ಲದರಿಂದ ವಿನಾಯಿತಿ. "ಇಂದ್ರಿಗೆ ಹಿಡೀಬೇಡ್ರೋ, ಅವನು ಬರೀ ಕಾನೂನು ಸೇದೋನು" ಎಂದು ದೋಣಿಯವರು ಬೆನ್ನ ಹಿಂದೆ ನಗುತ್ತಿದ್ದರು. ಬೆನ್ನ ಹಿಂದೆ ಎಲ್ಲಿ ಬಂತು, ಎದುರಿಗೇ ನಗುತ್ತಿದ್ದರು.

ಇಂಥ ನನಗೆ ದೋಣಿಯವನೇ ಅಳಿಯನಾಗಬೇಕೆಂದು ನನ್ನ ಮಗಳು ಚೆನ್ಸಾ ಹಠ ಹಿಡಿದಳು. ಹುಡುಗ ವಿಸ್ತೀನ್. ನೋಡಲು ಚೆನ್ನಾಗಿದ್ದಾನೆ, ತೋಳಿನಲ್ಲಿ ಬಲವಿದೆ, ಆದರೆ ಬಾಯಿಗೆ ಬೀಗವಿಲ್ಲ. ಹಡಗಿನಿಂದ ಕಟ್ಟೆಗೆ ಜನರನ್ನು ದಾಟಿಸುವ ಅಷ್ಟು ಹೊತ್ತಿನಲ್ಲಿ ಅವರ ಅಜ್ಜಿಯ ಹೆಸರನ್ನೂ ತಿಳಿದುಕೊಂಡು ತನ್ನ ಅಜ್ಜಿಯ ಕಥೆಯನ್ನೂ ಮುಗಿಸುವಂಥವನು. ಅವನ ದೋಣಿಯ ನಂಬರು ಎಂಬತ್ತೆಂಟು. ಇಂಗ್ಲಿಷರ ಕಾಲದ ನಮ್ಮ ಬಂದರಿನಲ್ಲಿ ನಂಬರಿಲ್ಲದ ದೋಣಿ ನೀರಿಗೆ ಇಳಿಯುವಂತಿಲ್ಲ. ನಂಬರು ಹೋದರೆ ಅನ್ನ ಹೋದ ಹಾಗೆ. ಕೋರ್ಟು ಯಾರದಾದರೂ ನಂಬರನ್ನು ರದ್ದು ಮಾಡಿದರೆ ಉಳಿ ಹಿಡಿದು ಹೋಗಿ ದೋಣಿಯ ಮೂತಿಯಿಂದ ಅದನ್ನು ಕೆರೆದು ತೆಗೆಯುವವನು ನಾನು. ಆದ್ದರಿಂದ ಮದುವೆಗೆ ಒಪ್ಪಿದ ದಿನ ಕಟ್ಟೆಯ ಮೇಲೆ ಎಲ್ಲರೆದುರು ಮಾತೆ ಮರಿಯಳ ಆಣೆ ಇಟ್ಟು ಹೇಳಿದೆ: "ನಂಬರಿರೋ ತನಕ ನೀನು ನನ್ನ ಅಳಿಯ. ನಂಬರು ಹೋದ ದಿನ ನನ್ನ ಮಗಳ ಹೆಸರೂ ಎತ್ತಬೇಡ."

"ನನ್ನ ನಂಬರೆಲ್ಲಿಗೆ ಹೋಗುತ್ತೆ ಮಾವ, ಅದಕ್ಕೇನು ಕಾಲಿದ್ಯಾ" ಎಂದು ವಿಸ್ತೀನ್ ನಕ್ಕ.

ಮದುವೆಗೆ ಇಪ್ಪತ್ತೆರಡು ದಿನ ಉಳಿದಿರುವಾಗ ಅಲೆಕ್ಸಾಂಡ್ರಿಯಾದಿಂದ ಸ್ತೆಲ್ಲಾ ಎಂಬ ಹಡಗು ಬಂತು. ಅಲ್ಲಿ ಪ್ಲೇಗು ಇದ್ದುದರಿಂದ ಹಡಗಿನ ಮೇಲೆ ಹಳದಿ ಬಾವುಟ ಏರಿಸಿದ್ದರು. ಹಳದಿ ಬಾವುಟದ ಹಡಗನ್ನು ಯಾರೂ ಮುಟ್ಟುವಂತಿಲ್ಲ, ಅದರಲ್ಲಿದ್ದವರು ಇಪ್ಪತ್ತೊಂದು ದಿನ ಕ್ವಾರಂಟೈನ್ ದ್ವೀಪದಲ್ಲಿ ಇರಬೇಕು, ಅವರನ್ನು ಮುಟ್ಟಿದವರೂ ಹೋಗಿ ಅವರ ಜೊತೆಯಲ್ಲೇ ಇರಬೇಕು. ಬೇಕೆಂದು ಮುಟ್ಟಿದರೆ ಮೂರು ತಿಂಗಳು ಜೈಲು, ದೋಣಿಯವನಾದರೆ ನಂಬರು ರದ್ದು. ಇದು ನಮ್ಮಲ್ಲಿ ತೊಟ್ಟಿಲ ಮಕ್ಕಳಿಗೂ ಗೊತ್ತು. ಹಡಗಿನ ಅಡುಗೆಯವನು ನೋತು, ವಿಸ್ತೀನನ ಸೋದರಮಾವ. ಮದುವೆಯ ದಿನ ಗೊತ್ತಾದದ್ದನ್ನು ಮಾವನಿಗೆ ಹೇಳಲು ಹುಡುಗ ದೋಣಿ ಹುಟ್ಟು ಹಾಕಿಕೊಂಡು ಹೋದ. ಕಾನೂನಿನ ದೂರದಲ್ಲೇ ನಿಂತು ಕೂಗಿ ಹೇಳಿದ. ನೋತುವಿಗೆ ಸಂತೋಷ ತಡೆಯಲಾಗದೆ ಜೇಬಿನಿಂದ ನಶ್ಯದ ಡಬ್ಬಿ ತೆಗೆದ. ತೆಗೆದ ಮೇಲೆ ಹಿಡಿಯಲೇಬೇಕಲ್ಲ, ಹಡಗಿನ ಅಂಚಿನಿಂದ ಬಗ್ಗಿ ಹಿಡಿದ. ಹಿಡಿದ ಮೇಲೆ ತೆಗೆದುಕೊಳ್ಳಲೇಬೇಕಲ್ಲ, ಅಳಿಯ ದೋಣಿಯನ್ನು ಹತ್ತಿರ ತಂದು ಎರಡು ಬೆರಳು ಅದ್ದಿದ. ಅವನು ಮೂರನೆಯ ಸಲ ಸೀನುವ ಹೊತ್ತಿಗೆ ಕಾವಲಿನ ಕಲ್ಚಿದೋನ್ ಶಿಳ್ಳೆ ಊದಿಯಾಗಿತ್ತು.

ಈ ಕಲ್ಚಿದೋನ್ ಕ್ವಾರಂಟೈನ್ ಕಾವಲುಗಾರ. ಕೈಯಲ್ಲಿ ಉದ್ದನೆಯ ಕೋಲು, ಮುಖದಲ್ಲಿ ಸದಾ ಹುಳಿ ದ್ರಾಕ್ಷಿ ತಿಂದ ಕಳೆ. ಅವನ ಬಾಯಿಂದ ಒಂದು ಒಳ್ಳೆಯ ಮಾತು ಬಂದದ್ದನ್ನು ಕೇಳಿದವರು ಮಾಲ್ಟಾದಲ್ಲಿ ಇರಲಿಲ್ಲ.

ನಾಲ್ಕು ದಿನದ ಮೇಲೆ ವಿಚಾರಣೆ. ಆರೋಪಿಯೂ ಸಾಕ್ಷಿಯೂ ಕ್ವಾರಂಟೈನಿನಲ್ಲಿ ಇದ್ದುದರಿಂದ ಕೋರ್ಟೇ ದ್ವೀಪಕ್ಕೆ ಹೋಗಬೇಕಾಯಿತು. ಅಲ್ಲಿ ನೀರಿನ ಅಂಚಿಗೆ ಒಂದು ಮಾತುಕಟ್ಟೆ ಇದೆ. ಎರಡು ಮರದ ಕಟಕಟೆ, ಆ ಕಡೆ ಮುಟ್ಟಿದವರು, ಈ ಕಡೆ ಮುಟ್ಟದವರು, ನಡುವೆ ಮೂರು ಮೊಳ ಜಾಗ. ಮೂರು ಮೊಳ ಸಾಲದು, ಉದ್ದ ಕೈಯವರು ಇಬ್ಬರು ಬಗ್ಗಿದರೆ ಮುಟ್ಟುತ್ತಾರೆ ಎಂದು ನಾನು ಮೇಲಿನವರಿಗೆ ಮೂರು ಸಲ ಬರೆದುಕೊಟ್ಟಿದ್ದೆ. ಅಮೀನನ ಕಾಗದವನ್ನು ಯಾರು ಓದುತ್ತಾರೆ. ಆವತ್ತು ನನ್ನ ಚೀಲದಲ್ಲಿ ಉಳಿ ಇತ್ತು. ಚೆನ್ಸಾ ದೋಣಿಯಲ್ಲಿ ನನ್ನ ಎದುರಿಗೇ ಕೂತು ಆ ಚೀಲವನ್ನು ನೋಡುತ್ತ ಬಂದಳು. ಅವಳಮ್ಮ ಬದುಕಿದ್ದಾಗ ಸಿಟ್ಟು ಬಂದರೆ ಹೀಗೆಯೇ ಕೂರುತ್ತಿದ್ದಳು.

ನ್ಯಾಯಾಧೀಶರು ಸ್ಕಾರ್ಪೆಲ್ಲಿಯವರು. ದೊಡ್ಡ ವಿದ್ವಾಂಸರು, ಅದಕ್ಕಿಂತ ದೊಡ್ಡದು ಅವರ ಮೂಗು. ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ಒಂದು ಡಬ್ಬಿ ನಶ್ಯ ಖಾಲಿ ಮಾಡುವ ಆಸಾಮಿ. ಕಿವಿ ಸ್ವಲ್ಪ ಮಂದ, ಆದ್ದರಿಂದ ಕುರ್ಚಿಯನ್ನು ಕಟಕಟೆಗೆ ತಾಗಿಸಿ ಹಾಕಿಸಿಕೊಂಡರು. ಕೂತು ಜೇಬು ತಡಕಿದರು, ಇನ್ನೊಂದು ಜೇಬು ತಡಕಿದರು, ಮುಖ ಬಾಡಿತು.

"ಇಂದ್ರಿ, ಡಬ್ಬಿ ಮನೇಲೇ ಬಿಟ್ ಬಂದೆ ಕಣಯ್ಯ. ನಿನ್ ಹತ್ರ ಏನಾದ್ರೂ..." ಎಂದು ನನ್ನ ಮುಖ ನೋಡಿ, "ಅಯ್ಯೋ, ನಿನ್ನನ್ನ ಕೇಳ್ತಿದೀನಲ್ಲ" ಎಂದು ತಾವೇ ತಲೆ ಕೊಡವಿದರು.

ಸರ್ಕಾರದ ಪರವಾಗಿ ಬಂದವನು ಪೆಟ್ಟಿಫರ್ ಎಂಬ ಇಂಗ್ಲಿಷ್ ಅಧಿಕಾರಿ. ಕ್ವಾರಂಟೈನಿನ ನಿಯಮಗಳ ಕೆಳಗೆ ಸಹಿ ಹಾಕುವವನು ಅವನೇ. ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತಿದ್ದ, ಆದ್ದರಿಂದ ಅವನು ಮಾತಾಡಿದರೆ ಚರ್ಚಿನಲ್ಲಿ ಪ್ರಕಟಣೆ ಓದಿದ ಹಾಗಿರುತ್ತಿತ್ತು.

"ಈ ಮನುಷ್ಯನು ಬಾವುಟವನ್ನು ಕಂಡನು. ನಿಯಮವನ್ನು ಬಲ್ಲನು. ಆದರೂ ಮುಟ್ಟಿದನು" ಎಂದ ಪೆಟ್ಟಿಫರ್. "ಮರೆತೆನೆಂಬುದು ನೆಪವಲ್ಲ. ಶಿಸ್ತೆಂದರೆ ಕೈಯನ್ನು ಹಿಡಿತದಲ್ಲಿಟ್ಟುಕೊಳ್ಳುವುದು."

ನ್ಯಾಯಾಧೀಶರು ಆ ಕಡೆಯ ಕಟಕಟೆಯಲ್ಲಿ ನಿಂತಿದ್ದ ವಿಸ್ತೀನನನ್ನು ನೋಡಿದರು. "ಏನಪ್ಪಾ ಹೇಳ್ತೀಯ?"

"ಕೈ ತಾನಾಗೇ ಹೋಯ್ತು ಸ್ವಾಮಿ."

"ತಾನಾಗೇ ಹೋಗೋಕೆ ಅದೇನು ಏಡಿಯೇನೋ? ತಲೆ ಎಲ್ಲಿತ್ತು?"

"ತಲೆ ಮದುವೆ ಮೇಲಿತ್ತು ಸ್ವಾಮಿ."

ಚೆನ್ಸಾ ಸೆರಗಿನಂತೆ ಹೊದ್ದಿದ್ದ ಕಪ್ಪು ಮುಸುಕಿನೊಳಗೆ ನಕ್ಕಳೋ ಅತ್ತಳೋ ನನಗೆ ಕಾಣಲಿಲ್ಲ.

ನೋತುವಿನ ಸಾಕ್ಷಿ ಶುರುವಾಯಿತು. ಪ್ರಮಾಣಕ್ಕೆ ಶಿಲುಬೆಗೆ ಮುತ್ತಿಡಬೇಕು, ಆದರೆ ಅವನು ಮುತ್ತಿಟ್ಟ ಶಿಲುಬೆ ವಾಪಸು ಬರುವುದು ಹೇಗೆ? ಇದಕ್ಕೂ ನಮ್ಮಲ್ಲಿ ಕ್ರಮವಿದೆ. ಬಟ್ಟೆ, ಕೂದಲು, ಹಗ್ಗ, ಕಾಗದ ಇವಕ್ಕೆ ಸೋಂಕು ಅಂಟುತ್ತದೆ, ಮರಕ್ಕೂ ಲೋಹಕ್ಕೂ ಅಂಟುವುದಿಲ್ಲ. ಆದ್ದರಿಂದ ಹಿತ್ತಾಳೆಯ ಶಿಲುಬೆಯನ್ನು ಕಲ್ಚಿದೋನನ ಕೋಲಿನ ತುದಿಗೆ ಸಿಕ್ಕಿಸಿ ಆಚೆ ಚಾಚಿದೆವು. ನೋತು ಭಕ್ತಿಯಿಂದ ಮುತ್ತಿಟ್ಟ. ಈಚೆ ಎಳೆದುಕೊಂಡು ಬಕೆಟ್ಟಿನ ವಿನೆಗರಿನಲ್ಲಿ ಅದ್ದಿದೆವು. ಗುಮಾಸ್ತ ಜ್ವಾಕಿನ್ ಇದನ್ನೆಲ್ಲ ಗಂಭೀರವಾಗಿ ಬರೆದುಕೊಂಡ.

"ಡಬ್ಬಿ ತೆಗೆದದ್ದು ನಾನೇ ಸ್ವಾಮಿ, ತಪ್ಪು ನಂದು" ಎಂದ ನೋತು. "ತೆಗೆದ್ಮೇಲೆ ನಾನೇ ಮೊದ್ಲು ಏರಿಸೋಕಾಗುತ್ತಾ? ನಮ್ಮಮ್ಮ ನನ್ನ ಹಂಗೆ ಬೆಳೆಸಿಲ್ಲ."

"ತಪ್ಪು ಹಿಡಿದೋನದಲ್ಲ ಕಣೋ, ತಗೊಂಡೋನದು" ಎಂದರು ನ್ಯಾಯಾಧೀಶರು. ಡಬ್ಬಿಯ ಮಾತು ಬಂದಾಗಲೆಲ್ಲ ಅವರ ಮೂಗು ಒಂದು ಸಲ ಅಲುಗುತ್ತಿತ್ತು. "ಬುದ್ಧಿ ನೆಟ್ಟಗಿರೋ ಮನುಷ್ಯ ಪ್ಲೇಗಿನ ಬಾವುಟದ ಕೆಳಗೆ ನಿಂತು ನಶ್ಯಕ್ಕೆ ಕೈ ಚಾಚ್ತಾನೇನಯ್ಯಾ? ನಾನಂತೂ ನಂಬಲ್ಲ. ಇವನು ಬೇಕಂತಲೇ ಮುಟ್ಟಿದಾನೆ."

ಕಾನೂನಿನ ಪ್ರಕಾರ ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು, ನಾನು ಹತ್ತೊಂಬತ್ತು ವರ್ಷ ಪೂಜಿಸಿದ ಕಾನೂನು. ಆದರೂ ಚೀಲದಲ್ಲಿದ್ದ ಉಳಿ ಬಂಡೆಯಷ್ಟು ಭಾರವಾಯಿತು. ಎಂಬತ್ತೆಂಟನ್ನು ನಾನೇ ಕೆರೆಯಬೇಕು, ಕಟ್ಟೆಯ ಮೇಲೆ ಎಲ್ಲರೂ ನೋಡುತ್ತಾರೆ, ಆಮೇಲೆ ಮನೆಗೆ ಹೋಗಿ ಮಗಳು ಬಡಿಸಿದ್ದನ್ನು ಉಣ್ಣಬೇಕು. ಬಡಿಸಿದರೆ.

"ಬರ್ಕೋ ಜ್ವಾಕಿನ್" ಎಂದರು ನ್ಯಾಯಾಧೀಶರು. "ಈ ಕೋರ್ಟು ಆರೋಪಿಯನ್ನು..."

"ಒಂದ್ ನಿಮಿಷ ಸ್ವಾಮಿ, ಲೇಖನಿ ಮುರೀತು" ಎಂದ ಜ್ವಾಕಿನ್. ಚಾಕು ಹುಡುಕಿ ಗರಿಯನ್ನು ಕೆತ್ತತೊಡಗಿದ.

ಆ ಗರಿ ಮುರಿಯದಿದ್ದರೆ ಈ ಕಥೆಯೇ ಇಲ್ಲ.

ನೋತುವಿಗೆ ಅಳಿಯನ ಸ್ಥಿತಿ ನೋಡಿ ಕಣ್ಣಲ್ಲಿ ನೀರು. ದುಃಖವಾದಾಗ ನಮ್ಮ ಕಟ್ಟೆಯ ಗಂಡಸು ಏನು ಮಾಡುತ್ತಾನೋ ಅದನ್ನೇ ಅವನು ಮಾಡಿದ. ಜೇಬಿಗೆ ಕೈ ಹಾಕಿ ಡಬ್ಬಿ ತೆಗೆದ. ಹೆಬ್ಬೆರಳಿನಿಂದ ಮುಚ್ಚಳ ತೆರೆದ. ತೆರೆದ ಮೇಲೆ ತಾನು ಮೊದಲು ಏರಿಸುವಂತಿಲ್ಲವಲ್ಲ, ಹತ್ತಿರ ಯಾರಿದ್ದಾರೆಂದು ನೋಡಿದ. ಹತ್ತಿರ ಇದ್ದವರು ನ್ಯಾಯಾಧೀಶರು. ಕಟಕಟೆಯ ಮೇಲಿಂದ ಬಗ್ಗಿ, ಅಡುಗೆ ಮಾಡಿ ಮಾಡಿ ಉದ್ದವಾದ ಆ ಕೈಯನ್ನು ಮೂರು ಮೊಳದ ಆಚೆಗೆ ಚಾಚಿದ. ಸ್ಕಾರ್ಪೆಲ್ಲಿಯವರು ತೀರ್ಪಿನ ಮುಂದಿನ ಸಾಲನ್ನು ಯೋಚಿಸುತ್ತ, ಡಬ್ಬಿಯನ್ನು ನೋಡದೆಯೇ, ಎದ್ದು ಬಗ್ಗಿ, ಎಡಗೈಯಿಂದ ನೋತುವಿನ ಮಣಿಕಟ್ಟನ್ನು ಹಿಡಿದು ಸ್ಥಿರ ಮಾಡಿಕೊಂಡು, ಬಲಗೈಯ ಎರಡು ಬೆರಳನ್ನು ಒಳಗಿಟ್ಟರು. ಒಂದು ದೊಡ್ಡ ಚಿಟಿಕೆ ತೆಗೆದರು. "ದೇವರು ಒಳ್ಳೇದು ಮಾಡ್ಲಿ ಕಣಯ್ಯ" ಎಂದು ಹರಸಿ ಏರಿಸಿಕೊಂಡರು.

ಕಲ್ಚಿದೋನನ ಬಾಯಿ ತೆರೆದುಕೊಂಡಿತು, ಶಿಳ್ಳೆ ಕೆಳಗೆ ಬಿತ್ತು.

ನ್ಯಾಯಾಧೀಶರು ಸೀನಿದರು. ಸಾಮಾನ್ಯ ಸೀನಲ್ಲ, ಬೆಳಗಿನಿಂದ ತಡೆದಿಟ್ಟಿದ್ದು. ಎರಡನೆಯದಕ್ಕೆ ಕುರ್ಚಿ ಉರುಳಿತು. ಮೂರನೆಯದಕ್ಕೆ ಅವರೇ ಹಿಂದಕ್ಕೆ ವಾಲಿದರು. "ನಿಲ್ಲಿರಿ, ನೀವು ಮುಟ್ಟಿದಿರಿ" ಎನ್ನುತ್ತ ಪೆಟ್ಟಿಫರ್ ಓಡಿ ಬಂದು ಅವರ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡ. ಜ್ವಾಕಿನ್ ಹಳೆಯ ಸೇವಕ, ತನ್ನ ಕರವಸ್ತ್ರದಿಂದ ಅವರ ಮೂಗನ್ನೇ ಒರೆಸಿಬಿಟ್ಟ. ವಿಸ್ತೀನನೂ ನೋತುವೂ ಅಭ್ಯಾಸದಂತೆ "ಎವ್ವಿವಾ" ಎಂದರು.

ಕಲ್ಚಿದೋನ್ ಕೋಲನ್ನು ನೆಲಕ್ಕೆ ಕುಟ್ಟಿದ.

"ಒಂದು" ಎಂದ ನ್ಯಾಯಾಧೀಶರ ಕಡೆ ಕೋಲು ತೋರಿಸಿ. "ಎರಡು. ಮೂರು. ದಯಮಾಡಿ ಆ ಕಡೆ ನಡೀರಿ."

"ನಾನು ಈ ನಿಯಮಗಳಿಗೆ ಸಹಿ ಹಾಕುವವನು" ಎಂದ ಪೆಟ್ಟಿಫರ್. ಅವನ ಮುಖ ಬೇಯಿಸಿದ ಸೀಗಡಿಯ ಬಣ್ಣಕ್ಕೆ ತಿರುಗಿತ್ತು.

"ಅದಕ್ಕೇ ಸ್ವಾಮಿ, ನಿಮಗೆ ಚೆನ್ನಾಗಿ ಗೊತ್ತಿರುತ್ತೆ. ನಡೀರಿ."

ನನಗೆ ನಗು ಉಕ್ಕಿ ಬಂತು. ಹತ್ತೊಂಬತ್ತು ವರ್ಷದಲ್ಲಿ ಕೋರ್ಟಿನಲ್ಲಿ ನಗದ ನಾನು ವಿನೆಗರಿನ ಬಕೆಟ್ಟಿನ ಕಡೆ ತಿರುಗಿ ಕೆಮ್ಮಿದ ಹಾಗೆ ನಟಿಸಿದೆ. ಇಡೀ ಬಂದರು ಕೋರ್ಟು ಸಾಲಾಗಿ ನಡೆದು ಆ ಕಡೆಯ ಕಟಕಟೆಗೆ ಹೋಯಿತು. ಈಚೆ ಉಳಿದವರು ನಾನು, ಚೆನ್ಸಾ, ಕಲ್ಚಿದೋನ್. ನಾನು ನಿಯಮದಂತೆ ನಾಲ್ಕು ಹೆಜ್ಜೆ ದೂರ ನಿಂತಿದ್ದೆ, ನನ್ನನ್ನು ಯಾರೂ ಮುಟ್ಟಿರಲಿಲ್ಲ.

ಸ್ಕಾರ್ಪೆಲ್ಲಿಯವರು ಆಚೆ ಒಂದು ಪೀಪಾಯಿಯ ಮೇಲೆ ಕೂತು ಮೂಗು ಒರೆಸಿಕೊಂಡರು. ಮುಖದಲ್ಲಿ ನಾಚಿಕೆಯೂ ಇತ್ತು, ನಶ್ಯದ ನೆಮ್ಮದಿಯೂ ಇತ್ತು.

"ಕೋರ್ಟು ಮುಂದುವರಿಯುತ್ತೆ" ಎಂದರು.

"ಅಸಾಧ್ಯ" ಎಂದ ಪೆಟ್ಟಿಫರ್. "ತಾವು ಈಗ ಸ್ವತಂತ್ರರಲ್ಲ."

"ಊರಿಗೆ ಹೋಗೋ ಸ್ವಾತಂತ್ರ್ಯ ಹೋಯ್ತು, ಪೀಪಾಯಿ ಮೇಲೆ ಕೂರೋದು ಹೋಗಿಲ್ವಲ್ಲ. ನ್ಯಾಯಾಧೀಶ ಎಲ್ಲಿರ್ತಾನೋ ಕೋರ್ಟು ಅಲ್ಲಿರುತ್ತೆ. ಈಗ ನೋಡಿ ಪೆಟ್ಟಿಫರ್ ಅವರೇ, ಬುದ್ಧಿ ನೆಟ್ಟಗಿರೋನು ಹೀಗೆ ಮಾಡಲ್ಲ ಅಂದೆ. ಮಾಡ್ತಾನೆ. ನಾನು ಮರೆತೆ, ನನ್ ಕೈ ಮರೀಲಿಲ್ಲ. ಈ ಹುಡುಗನಿಗೆ ಮೂರು ತಿಂಗಳು ಕೊಟ್ರೆ ನನಗೂ ಮೂರು ತಿಂಗಳು ಕೊಟ್ಕೋಬೇಕು. ಅದೂ ಆಗ್ಲಿ. ಆದ್ರೆ ನಿಮ್ಮದೇ ನನಗೆ ಚಿಂತೆ."

"ನನ್ನದೇ?"

"ನಾವಿಬ್ರೂ ಗೊತ್ತಿಲ್ದೆ ಮುಟ್ಟಿದ್ವಿ. ನೀವು 'ನೀವು ಮುಟ್ಟಿದಿರಿ' ಅಂತ ಕೂಗಿ ಹೇಳಿ, ಆಮೇಲೆ ಬಂದು ನನ್ ತೋಳು ಹಿಡ್ಕೊಂಡ್ರಿ. ಅದೂ ಬಟ್ಟೆ. ಅದೂ ಎರಡು ಕೈಲಿ. ಗೊತ್ತಿದ್ದೂ ಮುಟ್ಟೋದು ಅಂದ್ರೆ ಇದೇ ಅಲ್ವಾ? ಕಲ್ಚಿದೋನ್, ನೀನು ಕೇಳಿಸ್ಕೊಂಡ್ಯಾ?"

"ಅಕ್ಷರ ಅಕ್ಷರ ಕೇಳಿಸ್ಕೊಂಡೆ ಸ್ವಾಮಿ" ಎಂದ ಕಲ್ಚಿದೋನ್. ಅವನು ಯಾರ ಪರವೂ ಅಲ್ಲ, ಸಿಕ್ಕವರ ಮೇಲೆ ದೂರು ಹೇಳುವುದರಲ್ಲಿ ಅಷ್ಟು ನಿಷ್ಪಕ್ಷಪಾತಿ.

ಪೆಟ್ಟಿಫರ್ ಬಹಳ ಹೊತ್ತು ತನ್ನ ಎರಡು ಕೈಗಳನ್ನು ನೋಡಿಕೊಂಡ. ಅವು ತನ್ನವಲ್ಲವೇನೋ ಎಂಬಂತೆ ಹಿಂದುಮುಂದು ತಿರುಗಿಸಿದ. ಕೊನೆಗೆ, ಮೊದಲ ಬಾರಿಗೆ ಪುಸ್ತಕ ಬಿಟ್ಟು, "ಕೈ ತಾನಾಗೇ ಹೋಯ್ತು" ಎಂದ. ಆಮೇಲೆ ಗಂಟಲು ಸರಿಮಾಡಿಕೊಂಡು, "ಸರ್ಕಾರವು ಆರೋಪವನ್ನು ಹಿಂದಕ್ಕೆ ಪಡೆಯುತ್ತದೆ" ಎಂದ.

"ಇಂದ್ರಿ, ನೀನೇ ಬರ್ಕೋ. ಜ್ವಾಕಿನ್ ಬರೆದ ಕಾಗದಕ್ಕೆ ಹೊಗೆ ಹಾಕಿ ಶುದ್ಧ ಮಾಡೋದ್ರೊಳಗೆ ಸಂಜೆ ಆಗುತ್ತೆ" ಎಂದರು ನ್ಯಾಯಾಧೀಶರು.

ನಾನು ಬರೆದೆ. ನಂಬರು ಎಂಬತ್ತೆಂಟು ಹಾಗೆಯೇ ಉಳಿಯುತ್ತದೆ ಎಂದು ಬರೆಯುವಾಗ ಎರಡನೆಯ ಎಂಟು ವಕ್ರವಾಯಿತು. ಈಗಲೂ ಆ ದಫ್ತರಿನಲ್ಲಿ ಹಾಗೆಯೇ ಇದೆ.

ವಿಸ್ತೀನ್ ಆ ಕಡೆ ಕುಣಿಯುತ್ತಿದ್ದ. ಆಗ ಕಲ್ಚಿದೋನ್ ತನ್ನ ಕೆಲಸದ ಉಳಿದ ಭಾಗ ಮುಗಿಸಿದ: "ಹೊಸಬರು ಸೇರಿದ್ರಿಂದ ಹಳಬರದ್ದೂ ಮೊದಲಿಂದ ಎಣಿಕೆ. ಇವತ್ತಿಂದ ಎಲ್ಲರಿಗೂ ಇಪ್ಪತ್ತೊಂದು ದಿನ."

ಕುಣಿತ ನಿಂತಿತು. ಮದುವೆಗೆ ಉಳಿದದ್ದು ಹದಿನೆಂಟು ದಿನ, ಹಳೆಯ ಎಣಿಕೆಯಾಗಿದ್ದರೆ ಹುಡುಗ ಅಷ್ಟರೊಳಗೆ ಹೊರಗೆ ಬರುತ್ತಿದ್ದ. ಅದು ತಪ್ಪಿದರೆ ಕ್ರಿಸ್‌ಮಸ್ಸಿಗೆ ಮುಂಚಿನ ಉಪವಾಸದ ವಾರಗಳು ಶುರುವಾಗುತ್ತವೆ, ಆಗ ನಮ್ಮ ಪಾದ್ರಿಗಳು ಮದುವೆ ಮಾಡಿಸುವುದಿಲ್ಲ. ಜನವರಿಯವರೆಗೆ ಕಾಯಬೇಕು. ಬಾದಾಮಿಗೆ ಸಕ್ಕರೆ ಪಾಕ ಹಾಕಿಸಿ ಇಟ್ಟಿದ್ದೆ, ಮೊಲದ ಸಾರಿಗೆ ಆರು ಮೊಲ ಹೇಳಿದ್ದೆ. ಜನವರಿಯೊಳಗೆ ಈ ಹುಡುಗ ಇನ್ನೇನನ್ನು ಮುಟ್ಟುತ್ತಾನೋ ಯಾರಿಗೆ ಗೊತ್ತು.

ಚೆನ್ಸಾ ಬೆಳಗಿನಿಂದ ಮೊದಲ ಸಲ ಬಾಯಿ ಬಿಟ್ಟಳು. "ಅಪ್ಪಾ, ನಂಬರು ಉಳೀತು ತಾನೆ?"

"ಉಳೀತು."

"ನೀನು ಆಣೆ ಇಟ್ಟಿದ್ದು ಅಷ್ಟೇ ತಾನೆ?"

"ಅಷ್ಟೇ."

"ದ್ವೀಪದೊಳಗೆ ಚರ್ಚಿದೆ, ಪಾದ್ರಿ ಇದಾರೆ. ಹಂಗಾದ್ರೆ ನೋತು ಮಾವ, ಆ ಡಬ್ಬಿ ಸ್ವಲ್ಪ ಇತ್ಲಾಗೆ ಹಿಡೀರಿ."

ನಾನು "ಚೆನ್ಸಾ" ಎನ್ನುವುದರೊಳಗೆ ಅವಳು ಬಗ್ಗಿ ಚಿಟಿಕೆ ತೆಗೆದಾಗಿತ್ತು. ಏರಿಸಲು ಬಾರದೆ ಅರ್ಧ ಮುಸುಕಿನ ಮೇಲೆ ಚೆಲ್ಲಿಕೊಂಡು, ಬೆಕ್ಕಿನ ಹಾಗೆ ಸಣ್ಣಗೆ ಸೀನಿದಳು. ಪೆಟ್ಟಿಫರ್ ಏನೋ ಹೇಳಲು ಬಾಯಿ ತೆರೆದು, ತನ್ನ ಕೈ ನೋಡಿಕೊಂಡು ಮುಚ್ಚಿದ. ನ್ಯಾಯಾಧೀಶರು ಆಕಾಶ ನೋಡುತ್ತ, "ಬಿಸಿಲು ಕಣ್ಣಿಗೆ ಹೊಡೀತಿದೆ, ನನಗೇನೂ ಕಾಣ್ತಿಲ್ಲ" ಎಂದರು.

"ನಾಲ್ಕು" ಎಂದ ಕಲ್ಚಿದೋನ್.

ಚೆನ್ಸಾ ಆ ಕಡೆಗೆ ನಡೆದು ಹೋಗಿ ವಿಸ್ತೀನನ ಪಕ್ಕದಲ್ಲಿ ನಿಂತಳು. ಈಗ ನನ್ನ ಕೋರ್ಟು ಆಚೆ, ನನ್ನ ಮಗಳು ಆಚೆ. ಈಚೆ ನಾನು, ನನ್ನ ಉಳಿ, ವಿನೆಗರಿನ ಬಕೆಟ್ಟು. ಹದಿನೆಂಟು ದಿನದ ಮೇಲೆ ಅವಳನ್ನು ಚರ್ಚಿನೊಳಗೆ ಕೈ ಹಿಡಿದು ಕರೆದುಕೊಂಡು ಹೋಗುವವರು ಯಾರು? ಅವಳಮ್ಮ ಇಲ್ಲ. ನಾನು ಈ ಮರದ ಕಟಕಟೆಗೆ ಆತುಕೊಂಡು ಗಂಟೆಯ ಶಬ್ದ ಮಾತ್ರ ಕೇಳಬೇಕು. ನನಗೆ ಅಳು ಬಂತು, ಯಾಕೆ ಸುಳ್ಳು ಹೇಳಲಿ. ಜೀವಮಾನವಿಡೀ ಏನನ್ನೂ ಮುಟ್ಟದೆ ಉಳಿದವನಿಗೆ ಕೊನೆಗೆ ಉಳಿಯುವುದು ಇಷ್ಟೇ ಎಂದು ಆಗ ಅನಿಸಿತು.

ನೋತುವಿನ ಡಬ್ಬಿ ಇನ್ನೂ ತೆರೆದೇ ಇತ್ತು. ಪಾಪ, ಅವನಿಗೆ ಇನ್ನೂ ತನ್ನ ಪಾಲು ಸಿಕ್ಕಿರಲಿಲ್ಲ. ಈಚೆ ಕಡೆ ಹತ್ತಿರ ಇದ್ದವನು ನಾನು. ಅವನು ಅನುಮಾನಿಸುತ್ತ ಕೈ ಚಾಚಿದ.

"ಅವರಿಗ್ ಬೇಡ ಮಾವ" ಎಂದ ವಿಸ್ತೀನ್ ಮೆಲ್ಲಗೆ. "ಅವರು ಕಾನೂನು ಸೇದೋರು."

ನಾನು ಉಳಿಯನ್ನು ಚೀಲದಿಂದ ತೆಗೆದು ಕಲ್ಚಿದೋನನ ಕೈಗೆ ಕೊಟ್ಟೆ. ಕಟಕಟೆಯ ಮೇಲೆ ಬಗ್ಗಿದೆ. ಮೂರು ಮೊಳ, ನಾನು ಬರೆದುಕೊಟ್ಟದ್ದು ಸರಿಯಾಗಿಯೇ ಇತ್ತು, ಕೈ ಸಲೀಸಾಗಿ ಎಟುಕಿತು. ಎರಡು ಬೆರಳು ಅದ್ದಿದೆ. ಎಲ್ಲರೂ ಮಾಡುವುದನ್ನು ಹತ್ತೊಂಬತ್ತು ವರ್ಷ ನೋಡಿದ್ದೆನಲ್ಲ, ಹಾಗೆಯೇ ಏರಿಸಿದೆ. ಮೊದಲು ಕಣ್ಣು ಉರಿಯಿತು, ಆಮೇಲೆ ಕಿವಿ, ಆಮೇಲೆ ಟೋಪಿ ಹಾರಿ ನೀರಿಗೆ ಬೀಳುವ ಹಾಗೆ ಒಂದು ಸೀನು ಬಂತು.

"ಎವ್ವಿವಾ" ಎಂದರು ನ್ಯಾಯಾಧೀಶರು, ಗುಮಾಸ್ತ, ನೋತು, ನನ್ನ ಮಗಳು, ನನ್ನ ಅಳಿಯ. ಪೆಟ್ಟಿಫರ್ ಕೂಡ ಎಂದ, ಉಚ್ಚಾರ ತಪ್ಪಾಗಿತ್ತು. ಅಲ್ಲಿಯ ತನಕ ಆ ಬಂದರಿನಲ್ಲಿ ನನಗೆ ಯಾರೂ ಆ ಮಾತು ಹೇಳಿರಲಿಲ್ಲ.

"ಐದು" ಎಂದ ಕಲ್ಚಿದೋನ್. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನನ್ನ ಉಳಿ ಹಿಡಿದು, ಖಾಲಿಯಾದ ಈಚೆ ಕಡೆಯಲ್ಲಿ ಒಬ್ಬನೇ ನಿಂತಿದ್ದ. ಸ್ವಲ್ಪ ಹೊತ್ತು ಬಿಟ್ಟು, ಯಾರಿಗೂ ಕೇಳಿಸಬಾರದೆಂಬಂತೆ, ಅವನೂ "ಎವ್ವಿವಾ" ಎಂದ.